ಗೊಟ್ಟ ಹಾಕಿದ ಕೈ

ಮೊದಲೇ ಹೇಳಿಬಿಡುತ್ತೇನೆ, ನನಗೆ ಹುಚ್ಚುನಾಯಿ ರೋಗ ಬರಲಿಲ್ಲ. ಬಂದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ನನಗೆ ಬಂದದ್ದು ಅದನ್ನು ತಡೆಯುವ ಸೂಜಿ, ಸೂಜಿಯ ಬೆನ್ನಿಗೆ ಬಂದ ಜ್ವರ ಮತ್ತು ಬಾವು, ಅದರ ಮೇಲೆ ತಿಂಗಳುಗಟ್ಟಲೆ ಹೆದರಿಕೆ. ರೋಗ ಬಂದದ್ದು ನನ್ನ ಮೈದುನ ಮಂಜನಿಗೆ. ಒಂದೇ ಬೆಳಿಗ್ಗೆ, ಒಂದೇ ಹಸುವಿನ ಬಾಯೊಳಗೆ ಇಬ್ಬರೂ ಕೈ ಹಾಕಿದ್ದೆವು. ನಾನು ಉಳಿದೆ, ಅವನು ಉಳಿಯಲಿಲ್ಲ. ಯಾಕೆ ಹಾಗಾಯಿತು ಅನ್ನುವುದು ನನಗೆ ಗೊತ್ತು. ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ನಮ್ಮದು ತೊಣ್ಣೂರು ಕೆರೆಯ ಕೆಳಗಿನ ಒಂದು ಊರು. ಕಬ್ಬು, ಒಂದಿಷ್ಟು ಭತ್ತ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ನಮ್ಮ ಯಜಮಾನರು ಮತ್ತು ಅವರ ತಮ್ಮ ಮಂಜ ಬೇರೆಯಾಗಿ ಹತ್ತು ವರ್ಷ ದಾಟಿದ್ದರೂ ಮನೆ ಬೇರೆಯಾಗಿರಲಿಲ್ಲ. ನಡುವೆ ಒಂದು ಗೋಡೆ ಎದ್ದಿತ್ತು ಅಷ್ಟೆ. ಆ ಪಕ್ಕದಲ್ಲಿ ಒಗ್ಗರಣೆ ಹಾಕಿದರೆ ಈ ಪಕ್ಕದಲ್ಲಿ ಸೀನು ಬರುತ್ತಿತ್ತು. ಮಂಜನ ಹೆಂಡತಿ ಸವಿತ ಹೊಣಕೆರೆ ಕಡೆಯವಳು, ನನಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವಳು, ನನ್ನನ್ನು ಅಕ್ಕ ಅನ್ನುತ್ತಾಳೆ. ಅವರಿಗೊಬ್ಬಳು ಮಗಳು, ಶ್ರೀರಂಗಪಟ್ಟಣದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ.

ಯಾವ ಹಸು ಯಾವತ್ತು ಬೆದೆಗೆ ಬಂತು, ಯಾರಿಗೆ ಯಾವತ್ತು ಜ್ವರ ಹತ್ತಿತು, ಯಾವ ಮಾತ್ರೆಗೆ ಇಳಿಯಿತು ಅನ್ನುವುದನ್ನೆಲ್ಲ ಕ್ಯಾಲೆಂಡರಿನ ಚೌಕದೊಳಗೆ ಸಣ್ಣಗೆ ಬರೆದಿಡುವ ಅಭ್ಯಾಸ ನನ್ನದು. ಹಾಗಾಗಿ ಕಾಯಿಲೆಯ ಮಾತು ಬಂದರೆ ಎರಡು ಮನೆಯಲ್ಲೂ ‘ಅಕ್ಕನ್ನ ಕೇಳಿ’, ‘ಅತ್ತಿಗೇನ ಕೇಳಿ’ ಅನ್ನುವುದು ರೂಢಿ. ನಾನು ಓದಿದ್ದು ಏಳನೇ ತರಗತಿ.

ಮಂಜ ಗೊಟ್ಟ ಹಾಕುವುದರಲ್ಲಿ ಹೆಸರು ಮಾಡಿದವನು. ಗೊಟ್ಟ ಅಂದರೆ ಬಿದಿರಿನ ಕೊಳವೆ, ಒಂದು ತುದಿಯನ್ನು ಓರೆಯಾಗಿ ಕೆತ್ತಿರುತ್ತಾರೆ. ದನಕ್ಕೆ ಮದ್ದು ಕುಡಿಸುವುದು ಅದರಲ್ಲಿ. ಒಬ್ಬರು ಮೂಗುದಾರ ಎತ್ತಿ ಹಿಡಿಯಬೇಕು, ಇನ್ನೊಬ್ಬರು ನಾಲಗೆಯನ್ನು ಪಕ್ಕಕ್ಕೆಳೆದು ದವಡೆಯ ಸಂದಿನಿಂದ ಗೊಟ್ಟವನ್ನು ಗಂಟಲ ತನಕ ಇಳಿಸಬೇಕು. ಸ್ವಲ್ಪ ತಪ್ಪಿದರೂ ಮದ್ದು ಉಸಿರಿನ ಕೊಳವೆಗೆ ಹೋಗಿ ದನ ಸತ್ತೇ ಹೋಗುತ್ತದೆ. ಮಂಜನ ಕೈಯಲ್ಲಿ ಒಂದು ತೊಟ್ಟೂ ತಪ್ಪುತ್ತಿರಲಿಲ್ಲ. ಸುತ್ತಲ ಊರಿನವರು ಬೈಕಿನಲ್ಲಿ ಬಂದು ಅವನನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. ಒಂದು ಲೋಟ ಕಾಫಿ ಕುಡಿದು ಬರುತ್ತಿದ್ದ. ಒದೆಯುವ ಎಮ್ಮೆ, ಹಾಯುವ ಎತ್ತು, ಯಾವುದಕ್ಕೂ ಅವನು ಹೆದರಿದ್ದನ್ನು ನಾನು ನೋಡಿರಲಿಲ್ಲ.

ಆ ಬೆಳಿಗ್ಗೆ ನಮ್ಮ ಹಸು ಬೆಳ್ಳಿ ಬೂಸಾ ಮುಟ್ಟಲಿಲ್ಲ. ಬಾಯಿಂದ ಜೊಲ್ಲು ದಾರದಂತೆ ಇಳಿಯುತ್ತಿತ್ತು. ಬಾನಿಯ ನೀರಿಗೆ ಮೂತಿ ಇಡುವುದು, ನುಂಗಲಾಗದೆ ತಲೆ ಕೊಡವುವುದು. ಮಾವಿನ ಕಾಲ. ಹಣ್ಣು ತಿಂದು ಓಟೆಯನ್ನು ಮುಸುರೆ ಬಕೆಟ್ಟಿಗೆ ಹಾಕುವುದು ನಮ್ಮ ಕೇರಿಯ ಎಲ್ಲರ ಮನೆಯ ಪದ್ಧತಿ, ಗಂಟಲಿಗೆ ಓಟೆ ಸಿಕ್ಕಿಕೊಂಡ ದನವನ್ನು ನಾವೆಲ್ಲ ನೋಡಿದ್ದೇವೆ. ನನಗೆ ಬೇರೆ ಯೋಚನೆಯೇ ಬರಲಿಲ್ಲ. ಗೋಡೆಯಾಚೆಗೆ ಕೂಗಿದೆ.

ಮಂಜ ಹಲ್ಲುಜ್ಜುತ್ತಲೇ ಬಂದ. “ಓಟೆನೇ ಕಣತ್ತಿಗೆ. ನೀವ್ ದವಡೆ ಇಡ್ಕಳಿ, ನಾನ್ ಕೈ ಬುಡ್ತೀನಿ” ಅಂದ. ಮೊಳಕೈ ತನಕ ಇಳಿಸಿ ತಡಕಾಡಿದ. “ಓಟೆನೂ ಇಲ್ಲ, ಗೀಟೆನೂ ಇಲ್ವಲ್ಲ. ನಿಮ್ ಕೈ ಸಣ್ಣದು, ನೀವೊಂದ್ಸಲ ನೋಡಿ.”

ನಾನೂ ಕೈ ಹಾಕಿದೆ. ಹಿಂದಿನ ದಿನವೆಲ್ಲ ಕಬ್ಬಿನ ಸೋಗೆ ತರಿದಿದ್ದೆ, ಬೆರಳ ತುಂಬ ಗರಿ ಸೀಳಿದ ಗಾಯ. ಬಿಸಿಯಾದ ಲೋಳೆ ಆ ಗಾಯಗಳಿಗೆ ತಾಕಿ ಚುರುಗುಟ್ಟಿದ್ದು ಇಂದಿಗೂ ನೆನಪಿದೆ. ಏನೂ ಸಿಗಲಿಲ್ಲ. ಯಾವುದಕ್ಕೂ ಇರಲಿ ಅಂತ ಮಂಜ ಹರಳೆಣ್ಣೆಯನ್ನು ಗೊಟ್ಟದಲ್ಲಿ ಇಳಿಸಿದ. ಎಣ್ಣೆ ಮೂಗಿನಿಂದ ವಾಪಸು ಬಂತು. ಕೈ ಎಳೆದುಕೊಳ್ಳುವಾಗ ಬೆಳ್ಳಿಯ ದವಡೆ ಹಲ್ಲು ಅವನ ಎಡ ಮಣಿಕಟ್ಟಿನ ಮೇಲೆ ಗೀರಿತು. ಮೂರು ಗೀರು. ನಡುವಿನದರಲ್ಲಿ ರಕ್ತ ಒಸರಿತು. ಅವನು ಲುಂಗಿಗೆ ಒರೆಸಿಕೊಂಡು, “ನನ್ ಕೈಲಿ ಇಂಗೆ ಎಣ್ಣೆ ವಾಪಸ್ ಬಂದಿದ್ದೇ ಇಲ್ಲ” ಅಂದ. ಅವನಿಗೆ ಗಾಯಕ್ಕಿಂತ ಅದೇ ಅವಮಾನ.

ಮಾರನೆಯ ದಿನ ಬೆಳ್ಳಿಯ ದನಿ ಬದಲಾಯಿತು. ಹಸುವಿನ ಕೂಗೇ ಅಲ್ಲ ಅದು, ಒಡಕು ತಗಡು ಎಳೆದಂತೆ. ಪಾಂಡವಪುರದಿಂದ ದನದ ಡಾಕ್ಟರು ಬಂದರು. ಕೊಟ್ಟಿಗೆಯ ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ.

“ಬಾಯಿಗೆ ಯಾರಾದ್ರೂ ಕೈ ಹಾಕಿದ್ರಾ?”

“ಊಂ ಸಾ, ಇಬ್ರೂ ಆಕ್ದೋ. ಗೊಟ್ಟನೂ ಆಕ್ದೆ” ಅಂದ ಮಂಜ, ದೊಡ್ಡ ಕೆಲಸ ಮಾಡಿದವನಂತೆ.

ಡಾಕ್ಟರು ಬಾಗಿಲಿನಿಂದಲೇ ಬೆಳ್ಳಿಯ ಮೂತಿಯನ್ನು ನೋಡಿದರು. ಆಮೇಲೆ, ಈ ಹಸುವಿಗೆ ನಾಯಿ ಏನಾದರೂ ಕಚ್ಚಿತ್ತಾ ಎಂದರು. ತಿಂಗಳ ಹಿಂದೆ ಗದ್ದೆಯಿಂದ ಬರುವಾಗ ಬೆಳ್ಳಿಯ ಮೂತಿಯ ಮೇಲೆ ಗಾಯವಿತ್ತು, ಬೇಲಿ ಮುಳ್ಳು ಅಂದುಕೊಂಡು ಎಣ್ಣೆ ಹಚ್ಚಿದ್ದೆವು, ಎಂದರು ನಮ್ಮ ಯಜಮಾನರು. ಡಾಕ್ಟರು ನಮ್ಮಿಬ್ಬರನ್ನೂ ನಲ್ಲಿಯ ಕೆಳಗೆ ನಿಲ್ಲಿಸಿ, ತಾವು ಸಾಕು ಅನ್ನುವವರೆಗೆ ಸೋಪಿನಲ್ಲಿ ಕೈ ತೊಳೆಸಿದರು. ಸಾಕು ಅನ್ನಲು ಹದಿನೈದು ನಿಮಿಷ ತೆಗೆದುಕೊಂಡರು. “ತೊಳೆದದ್ದು ಅರ್ಧ ಕೆಲಸ. ಹಸುವಿನ ಟೆಸ್ಟು ಗಿಸ್ಟು ಕಾಯಬೇಡಿ. ಈಗಲೇ ಆಸ್ಪತ್ರೆಗೆ ಹೋಗಿ” ಅಂದರು.

ಬೆಳ್ಳಿ ಇನ್ನೂ ಎರಡು ದಿನ ಬದುಕಿತ್ತು. ಹತ್ತಿರ ಹೋಗಬಾರದೆಂದಿದ್ದರು. ಅದು ನಮ್ಮ ಕಡೆ ನೋಡಿ ಕೂಗುತ್ತಿತ್ತು, ನಾವು ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಕೊನೆಗೆ ಹಿಂಗಾಲು ಬಿತ್ತು. ಆಮೇಲೆ ಬಂದ ಟೆಸ್ಟಿನಲ್ಲೂ ಅದೇ ರೋಗ ಎಂದೇ ಬಂತು.

ದನದ ಡಾಕ್ಟರು ಹೇಳಿದ ದಿನವೇ ಪಾಂಡವಪುರಕ್ಕೆ ಹೋದೆವು. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ನಾಯಿ ಕಚ್ಚಿಸಿಕೊಂಡವರೇ ಎಂಟು ಜನ. ಒಬ್ಬೊಬ್ಬರೂ ತಮ್ಮ ನಾಯಿಯ ಕಥೆ ಹೇಳುತ್ತಿದ್ದರು. ನಮ್ಮನ್ನು ಕೇಳಿದರು.

“ಹಸ” ಅಂದೆ.

“ಹಸ ಕಚ್ತಾ?”

“ಕಚ್ಲಿಲ್ಲ. ನಾವೇ ಬಾಯ್ಗೆ ಕೈ ಆಕ್ದೋ.”

ಒಬ್ಬ ಮುದುಕ ನಕ್ಕು, “ನಾಯೇ ವಾಸಿ ಕಣವ್ವ, ಅದೇ ಬಂದ್ ಕಚ್ತದೆ. ನೀವು ಓಗಿ ಕಚ್ಚುಸ್ಕಂಡವ್ರೆ” ಅಂದ. ಬೆಂಚೆಲ್ಲ ನಕ್ಕಿತು. ಮಂಜ ಎಲ್ಲರಿಗಿಂತ ಜೋರಾಗಿ ನಕ್ಕ.

ಒಳಗೆ ಸಿಸ್ಟರು ನಿಧಾನವಾಗಿ ತಿಳಿಸಿ ಹೇಳುವವರು. ಎರಡು ಥರದ ಸೂಜಿ ಎಂದರು. “ತೋಳಿಗೆ ಹಾಕೋದು ನಿಮ್ಮ ಮೈಗೆ ಪಾಠ ಹೇಳಿಕೊಡೋ ಸೂಜಿ. ಈ ರೋಗ ಹಿಂಗಿರತ್ತೆ, ಬಂದ್ರೆ ಹಿಂಗೆ ಹೊಡೀರಿ ಅಂತ. ಆದ್ರೆ ಮೈ ಕಲಿಯೋಕೆ ಹತ್ತು ಹದಿನೈದು ದಿನ ಬೇಕು. ಅಷ್ಟರಲ್ಲಿ ವಿಷ ಗಾಯದಿಂದ ನರ ಹಿಡ್ಕೊಂಡು ತಲೆ ಕಡೆ ಹೊರಟ್ರೆ? ಅದಕ್ಕೇ ಗಾಯದ ಬಾಗಿಲಲ್ಲೇ ಕಾವಲು ಕೂರಿಸೋ ಸೂಜಿ ಇನ್ನೊಂದು. ಅದನ್ನ ಗಾಯದ ಒಳಕ್ಕೇ ಹಾಕ್ತೀವಿ. ಗಾಯ ಎಷ್ಟಿದ್ರೆ ಅಷ್ಟಕ್ಕೂ. ತಲೆಗೆ ಹೋದ್ಮೇಲೆ ನಮ್ಮ ಹತ್ರ ಏನೂ ಇಲ್ಲ ಅಮ್ಮ.”

ಮೊದಲು ನನ್ನ ಸರದಿ. ತೋಳಿನ ಸೂಜಿ ಏನೂ ಅಲ್ಲ, ಎರಡೂ ತೋಳಿಗೆ ಒಂದೊಂದು ಇರುವೆ ಕಚ್ಚಿದಂತೆ. ಕಾವಲಿನ ಮದ್ದು ಮೈಗೆ ಒಗ್ಗುತ್ತದೋ ಇಲ್ಲವೋ ಅಂತ ಒಂದು ಚೂರು ಚುಚ್ಚಿ ಅರ್ಧ ಗಂಟೆ ಕೂರಿಸಿದರು. ಆಮೇಲೆ ಬೆರಳುಗಳಿಗೆ ಶುರು ಮಾಡಿದರು. ಎರಡು ಹೆರಿಗೆ ಕಂಡವಳು ನಾನು. ಬೆರಳ ತುದಿಯ ಗಟ್ಟಿ ಚರ್ಮದೊಳಗೆ ಮದ್ದು ತುಂಬುವಾಗ ಬೆರಳು ಒಡೆದೇ ಹೋಗುತ್ತದೆ ಅನ್ನಿಸುತ್ತದೆ. ಒಂದು ಗಾಯ ಮುಗಿದರೆ ಇನ್ನೊಂದು. ನಾನು ಕಿರುಚಿದ್ದು ಹೊರಗಿನ ಬೆಂಚಿಗೂ ಕೇಳಿಸಿತಂತೆ. ಮಧ್ಯದಲ್ಲೊಮ್ಮೆ ತಲೆಯೆತ್ತಿದಾಗ ಬಾಗಿಲಲ್ಲಿ ಮಂಜ ನಿಂತಿದ್ದ. ಮುಖ ಬೂದಿಯಾಗಿತ್ತು.

ಅವನು ಒಳಗೆ ಬಂದಾಗ ತುಂಬುತೋಳಿನ ಶರ್ಟಿನ ಗುಂಡಿ ಮಣಿಕಟ್ಟಿನ ತನಕ ಹಾಕಿಕೊಂಡಿದ್ದ. ಬೆಳಿಗ್ಗೆ ತೋಳು ಮಡಿಸಿಕೊಂಡು ಬಂದವನು.

“ಗಾಯ ಎಲ್ಲೆಲ್ಲಿ?”

“ನಂಗೇನೂ ಗಾಯ ಇಲ್ಲ ಸಿಸ್ಟರ್.”

“ಸರಿಯಾಗಿ ನೋಡ್ಕೊಳಿ. ಸಣ್ಣ ಗೀರಿದ್ರೂ ಹೇಳಿ. ಸುಳ್ಳು ಹೇಳಿದ್ರೆ ನಷ್ಟ ನಿಮಗೇ.”

“ಇಲ್ಲ ಅಂದ್ನಲ್ಲ.”

ಸಿಸ್ಟರು ನನ್ನ ಕಡೆ ತಿರುಗಿದರು. “ಏನಮ್ಮ, ನೀವೂ ಅಲ್ಲೇ ಇದ್ರಲ್ಲ. ಇವರಿಗೆ ತರಚಿತ್ತಾ?”

ಮಂಜ ನನ್ನನ್ನೇ ನೋಡುತ್ತಿದ್ದ. ನಾನು ಈ ಮನೆಗೆ ಬಂದಾಗ ಅವನಿಗೆ ಹದಿಮೂರು ವರ್ಷ. ಇಷ್ಟು ವರ್ಷದಲ್ಲಿ ಅವನ ಕಣ್ಣಲ್ಲಿ ನಾನು ಕಾಣದೇ ಇದ್ದದ್ದನ್ನು ಆವತ್ತು ಕಂಡೆ. ಬಾಗಿಲ ಹೊರಗೆ ಆ ನಗುವ ಮುದುಕ ಇದ್ದ, ಪಕ್ಕದೂರಿನ ಇಬ್ಬರು ಗುರುತಿನವರಿದ್ದರು. ಇವನ ಮರ್ಯಾದೆ ಕಳೆಯಬಾರದು ಅಂತ ನನಗೆ ಅನ್ನಿಸಿತು. ಅಷ್ಟೇ ಅನ್ನಿಸಿದ್ದು, ಬೇರೆ ಏನೂ ಅನ್ನಿಸಲಿಲ್ಲ.

“ನಾನ್ ನೋಡ್ಲಿಲ್ಲ ಸಿಸ್ಟರ್” ಅಂದೆ.

ಅವನಿಗೆ ತೋಳಿನ ಸೂಜಿ ಮಾತ್ರ ಹಾಕಿದರು. ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ಅಂತ ಇಬ್ಬರ ಚೀಟಿಯಲ್ಲೂ ಬರೆದುಕೊಟ್ಟರು. ಬಸ್ಸಿನಲ್ಲಿ ಮಂಜ ನನ್ನ ಊದಿದ ಬೆರಳು ನೋಡಿ, “ಬದುಕ್ಸುದ್ರಿ ಕಣತ್ತಿಗೆ” ಅಂದ. ಇಬ್ಬರೂ ನಕ್ಕೆವು.

ಊರಿಗೆ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಇನ್ನೊಂದು ಹಸುವಿಗೆ ಏನೂ ಆಗಿರಲಿಲ್ಲ, ಆದರೂ ನಮ್ಮ ಕ್ಯಾನು ಡೇರಿಯ ಹತ್ತಿರ ಬಂದರೆ ಜನ ತಮ್ಮ ಕ್ಯಾನು ಎತ್ತಿಕೊಂಡು ದೂರ ಸರಿಯುತ್ತಿದ್ದರು. ವಾರಕ್ಕೇ ನಾನು ಹೋಗುವುದು ಬಿಟ್ಟೆ. ನಲ್ಲಿಯ ಹತ್ತಿರ ಒಬ್ಬಳು, ವರ್ಷಗಟ್ಟಲೆ ನನ್ನಿಂದ ಹೆಪ್ಪಿಗೆ ಮಜ್ಜಿಗೆ ತೆಗೆದುಕೊಂಡು ಹೋದವಳು, “ಅಕ್ಕ, ನೀವ್ ಮುಟ್ಟಿದ್ ಕೊಡ ಅಲ್ಲೇ ಮಡ್ಗಿ, ನಾನ್ ಬೇರೆ ಇಡ್ಕತೀನಿ” ಅಂದಳು. ಹೊಸಿಲಲ್ಲಿ ಕೂತರೆ ಬೀದಿಯ ಹುಡುಗರು ಬೌ ಬೌ ಅಂತ ಓಡುತ್ತಿದ್ದರು. ಮಂಜನನ್ನು ‘ಹುಚ್ಚು ಗೊಟ್ಟ’ ಅಂತ ಕರೆಯುವುದಕ್ಕೆ ಶುರು ಮಾಡಿದರು. ನಮ್ಮ ಯಜಮಾನರೂ ಊಟಕ್ಕೆ ಕೂತಾಗ, “ಬಡಿಸ್ವಾಗ ಕಚ್ಗಿಚ್ಬುಟ್ಟಿಯೇ ಕಣಮ್ಮಿ” ಅಂದರು. ತಮಾಷೆಗೆ ಅಂದದ್ದೇ. ಆದರೆ ತಟ್ಟೆಯನ್ನು ಸ್ವಲ್ಪ ತಮ್ಮ ಕಡೆ ಎಳೆದುಕೊಂಡದ್ದು ತಮಾಷೆಗಲ್ಲ.

ಮೂರನೇ ದಿನದ ಸೂಜಿಗೆ ಇಬ್ಬರೂ ಹೋಗಿಬಂದೆವು. ಏಳನೇ ದಿನ ಬೆಳಿಗ್ಗೆ ಏಳುವಾಗ ನನ್ನ ಮೈಯೆಲ್ಲ ಕೆಂಪು ದದ್ದು. ಮಂಡಿ, ಮಣಿಕಟ್ಟು, ಬೆರಳ ಗೆಣ್ಣು ಎಲ್ಲ ಬಾತುಕೊಂಡು, ಸೀರೆಯ ನೆರಿಗೆ ಹಿಡಿಯಲಾಗಲಿಲ್ಲ. ಜ್ವರ ಬೇರೆ. ಶುರುವಾಯಿತು ಅಂದುಕೊಂಡೆ. ಇನ್ನೇನು, ಬೆಳ್ಳಿಯ ದಾರಿಯೇ.

ಮಂಜ ಜಗುಲಿಗೆ ಬಂದು ನನ್ನ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. “ಇದೇನತ್ತಿಗೆ ಇಂಗಾಗೀರಿ! ಎಲ್ಲಾ ಆ ಸೂಜಿಗೇ ಕಣ್ರೀ. ನನ್ ಮೈ ಚೆನ್ನಾಗೇ ಅದೆ. ಇದ್ನ ಆಕುಸ್ಕಂಡು ನಿಮ್ಮಂಗಾಗಕ್ಕೆ ನಾನೊಲ್ಲೆ.”

“ಬಾರೋ ಮಂಜ, ಸಿಸ್ಟರು ಬೈತಾರೆ.”

“ಬೂಕನಕೆರೆ ತಾವಿಂದ ಫೋನ್ ಬಂದದೆ. ನೆಂಟ್ರ ಎಮ್ಮೆ ಒಟ್ಟೆ ಉಬ್ಬರ್ಸ್ಕಂಡ್ ಬಿದ್ದದಂತೆ. ಗೊಟ್ಟ ಆಕ್ಬುಟ್ಟು ನಾಳೆ ಓಗ್ತೀನಿ ಬುಡಿ.”

ಅವನು ಎಮ್ಮೆಯ ಕಡೆ ಹೋದ. ನಮ್ಮ ಯಜಮಾನರು ನನ್ನನ್ನು ಆಟೋದಲ್ಲಿ ಮಲಗಿಸಿಕೊಂಡು ಹೋದರು. ಆಸ್ಪತ್ರೆಯ ಡಾಕ್ಟರು ದದ್ದು ನೋಡಿದರು, ಮಂಡಿ ಒತ್ತಿದರು, ಒಂದು ಲೋಟ ನೀರು ಕೊಟ್ಟು ಕುಡಿಯಿರಿ ಅಂದರು. ನಾನು ಕುಡಿದೆ. “ನೋಡಿ, ಕುಡಿದ್ರಲ್ಲ. ಇದು ಆ ರೋಗ ಅಲ್ಲ. ಗಾಯಕ್ಕೆ ಹಾಕಿದ ಮದ್ದು ಕುದುರೆ ರಕ್ತದಿಂದ ತೆಗೆದದ್ದು. ನಿಮ್ಮ ಮೈ ಅದನ್ನ ಹೊರಗಿನದು ಅಂತ ಕಂಡುಹಿಡಿದು ಜಗಳಕ್ಕೆ ಬಿದ್ದಿದೆ. ಕೆಲವರಿಗೆ ಹಿಂಗಾಗತ್ತೆ, ವಾರದಲ್ಲಿ ಇಳಿಯತ್ತೆ. ಒಂದು ಲೆಕ್ಕದಲ್ಲಿ ಒಳ್ಳೇದೇ, ನಿಮ್ಮ ಮೈ ನಿದ್ದೆ ಮಾಡ್ತಿಲ್ಲ. ತೋಳಿನ ಸೂಜಿಗೂ ಇದಕ್ಕೂ ಸಂಬಂಧ ಇಲ್ಲ, ಅದನ್ನ ಮಾತ್ರ ತಪ್ಪಿಸಬೇಡಿ” ಅಂದರು. ಮಾತ್ರೆ ಕೊಟ್ಟರು.

ಸಿಸ್ಟರು ಸೂಜಿ ಹಾಕುತ್ತಾ, “ಮೈದುನ ಎಲ್ಲಿ?” ಅಂದರು.

“ನಾಳೆ ಬತ್ತಾನೆ.”

ಮನೆಗೆ ಬಂದು ಡಾಕ್ಟರು ಹೇಳಿದ್ದನ್ನು ಮಂಜನಿಗೆ ಹೇಳಿದೆ. ಸೂಜಿಯದ್ದಲ್ಲ ಕಣೋ, ಆ ಕುದುರೆ ಮದ್ದಿನದ್ದು, ನಿನಗೆ ಅದನ್ನು ಹಾಕೇ ಇಲ್ಲ ಅಂದೆ. ಹೂಂ ಅಂದ. ಮಾರನೆಯ ದಿನ ಇನ್ನೊಂದು ಸಲ ಹೇಳಿದೆ. ಸಿಸ್ಟರು ಎರಡು ಬಾರಿ ಫೋನು ಮಾಡಿದರಂತೆ, ಬರುತ್ತೇನೆ ಅಂದನಂತೆ. ಮೂರನೇ ಸಲ ನಾನು ಹೇಳಲಿಲ್ಲ. ನನ್ನ ಮಂಡಿಯೇ ನನಗೆ ಸಾಕಾಗಿತ್ತು. ಕ್ಯಾಲೆಂಡರಿನಲ್ಲಿ ನನ್ನ ಸೂಜಿಯ ದಿನಗಳಿಗೆ ಸರಿ ಗುರುತು ಹಾಕಿ, ಅವನದ್ದನ್ನು ಖಾಲಿ ಬಿಟ್ಟೆ.

ಬಾವು ಇಳಿಯಿತು, ಹೆದರಿಕೆ ಇಳಿಯಲಿಲ್ಲ. ಎದ್ದ ಕೂಡಲೇ ಬಚ್ಚಲಿಗೆ ಹೋಗಿ ಒಂದು ಚೊಂಬು ನೀರು ಕುಡಿದು ನೋಡುತ್ತಿದ್ದೆ. ಗಂಟಲು ಇಳಿಸಿಕೊಂಡರೆ ಆ ದಿನ ನನ್ನದು. ಫ್ಯಾನಿನ ಕೆಳಗೆ ನಿಂತು ಗಾಳಿಗೆ ಮುಖ ಒಡ್ಡುತ್ತಿದ್ದೆ, ಬೆಚ್ಚಿಬೀಳುತ್ತೇನೋ ಅಂತ. ಬೆರಳು ಸ್ವಲ್ಪ ಜುಮ್ಮೆಂದರೆ ಅಡುಗೆ ನಿಲ್ಲಿಸಿ ಕೂರುತ್ತಿದ್ದೆ. ಯಾರಿಗೆ ಹೇಳಲಿ? ಇಪ್ಪತ್ತೆಂಟನೇ ದಿನದ ಸೂಜಿ ಹಾಕಿ ಸಿಸ್ಟರು, “ಇನ್ನು ನಿಮ್ಮ ಮೈಯೇ ನೋಡ್ಕೊಳ್ಳತ್ತೆ, ಹೋಗಿ” ಅಂದಾಗ ಅಲ್ಲೇ ಗೋಡೆಗೆ ಒರಗಿ ಅತ್ತೆ. ಇದನ್ನು ಓದುವ ಯಾರಾದರೂ ಹಾಗೆ ನೀರು ಕುಡಿದು ಕುಡಿದು ನೋಡುತ್ತಿದ್ದರೆ, ನಿಮಗೆ ಮರುಳು ಹಿಡಿದಿಲ್ಲ. ಎಲ್ಲರೂ ಹಾಗೇ ಮಾಡುತ್ತಾರೆ ಎಂದು ಆ ಬೆಂಚಿನಲ್ಲೇ ಗೊತ್ತಾಯಿತು.

ಅದಾಗಿ ಎರಡು ವಾರ ಕಳೆದಿರಬೇಕು. ಮಂಜ ಗದ್ದೆಗೆ ಹೋಗುವ ಮುಂಚೆ ನಮ್ಮ ಜಗುಲಿಯಲ್ಲಿ ಕಾಫಿ ಕುಡಿದು ಹೋಗುವುದು ದಿನದ ವಾಡಿಕೆ. ಆವತ್ತು ಕೂತು ಎಡ ಮಣಿಕಟ್ಟನ್ನು ಕಂಬಕ್ಕೆ ಉಜ್ಜುತ್ತಿದ್ದ. ಗೀರು ಎಂದೋ ಮಾಯ್ದು ಮೂರು ಬಿಳಿ ಗೆರೆ ಉಳಿದಿದ್ದವು.

“ಏನ್ಲಾ ಅಂಗ್ ಉಜ್ತಿದ್ದೀಯ, ಕಜ್ಜಿ ಅತ್ಸ್ಕಂಡಿದ್ದೀಯೇನ್ಲಾ?” ಅಂದರು ನಮ್ಮ ಯಜಮಾನರು.

“ಎರಡ್ ದಿನ ಆಯ್ತು ಕಣಣ್ಣ, ಒಳಗೆ ಇರುವೆ ಅರಿದಂಗ್ ಆಯ್ತದೆ. ಮೈನೂ ಬೆಚ್ಚಗದೆ.”

ನನ್ನ ಕೈಯಲ್ಲಿ ಕಾಫಿಯ ಲೋಟ ಇತ್ತು. ಅದನ್ನು ಅವನಿಗೆ ಕೊಟ್ಟೆ. ಲೋಟ ತುಟಿಯ ಹತ್ತಿರ ಬರುತ್ತಿದ್ದಂತೆ ಅವನ ಕುತ್ತಿಗೆ ಸೆಟೆಯಿತು. ಮತ್ತೆ ಪ್ರಯತ್ನಿಸಿದ. ಮತ್ತೆ ಸೆಟೆಯಿತು. ಲೋಟ ಕೆಳಗೆ ಬಿತ್ತು. ಅವನು ನನ್ನನ್ನು ನೋಡಿ ನಗಲು ಹೋದ, “ಬಿಸಿ ಜಾಸ್ತಿ ಆಯ್ತೇನತ್ತಿಗೆ” ಅಂದ. ಆ ಕಾಫಿ ಬಿಸಿ ಇರಲಿಲ್ಲ. ನಮ್ಮ ಮೂವರಲ್ಲಿ ಆಗ ವಿಷಯ ಗೊತ್ತಿದ್ದವಳು ನಾನೊಬ್ಬಳೇ.

ಮೈಸೂರಿಗೆ ಕರೆದೊಯ್ದೆವು. ಡಾಕ್ಟರು ನಮ್ಮ ಯಜಮಾನರನ್ನು ಪಕ್ಕಕ್ಕೆ ಕರೆದು ಹೇಳಿದರು. ಅವರು ಹೊರಗೆ ಬಂದು ಪಂಚೆಯ ತುದಿಯನ್ನು ಬಾಯಿಗೆ ತುರುಕಿಕೊಂಡು ಕೂತರು. ಮಂಜನನ್ನು ಬೇರೆ ಕೋಣೆಯಲ್ಲಿ ಹಾಕಿದರು, ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ. ಶ್ರೀರಂಗಪಟ್ಟಣದಿಂದ ಮಗಳು ಬಂದಳು, ಅವಳನ್ನು ಒಳಗೆ ಬಿಡಲಿಲ್ಲ. ಬಾಗಿಲ ಗಾಜಿನಿಂದ ನೋಡಿದಳು. ಅಪ್ಪನಿಗೆ ಅವಳ ಗುರುತು ಒಂದು ಗಳಿಗೆ ಸಿಗುತ್ತಿತ್ತು, ಇನ್ನೊಂದು ಗಳಿಗೆ ತಪ್ಪುತ್ತಿತ್ತು.

ಬುದ್ಧಿ ತಿಳಿಯಾಗಿದ್ದಾಗ ಅವನು ಕೇಳುತ್ತಿದ್ದದ್ದು ನೀರು. ನೀರು ಕಂಡರೆ ಗಂಟಲು ಹಿಡಿಯುತ್ತಿತ್ತು, ಕಾಣದಿದ್ದರೆ ಬಾಯಾರಿಕೆಗೆ ಗೋಳಾಡುತ್ತಿದ್ದ. ಸವಿತ ಹತ್ತಿ ಅದ್ದಿ ತುಟಿ ಒರೆಸುತ್ತಿದ್ದಳು, ಜೊಲ್ಲು ಒರೆಸುತ್ತಿದ್ದಳು. ಗ್ಲೌಸು ಹಾಕಿಕೊಳ್ಳಿ ಅಂತ ಕೊಟ್ಟಿದ್ದರು. ಅವನು ಅದನ್ನು ಕಂಡು ಮುಖ ತಿರುಗಿಸುತ್ತಾನೆ ಅಂತ ಕಳಚಿ ಬರಿಗೈಯಲ್ಲೇ ಒರೆಸಿದಳು.

ಎರಡನೇ ದಿನ ನಾನು ಬಾಗಿಲ ಹತ್ತಿರ ಹೋದಾಗ ಕರೆದ. “ಅತ್ತಿಗೆ, ಗೊಟ್ಟ ತಂದಿದ್ದೀರಾ?”

“ಯಾಕಪ್ಪ?”

“ನಂಗೂ ಗೊಟ್ಟ ಆಕ್ಬುಡಿ. ಅಣ್ಣ ತಲೆ ಇಡ್ಕಳ್ಲಿ, ನೀವ್ ನಾಲ್ಗೆ ಎಳ್ಕಂಡು ಒಂದ್ ಗುಟುಕು ನೀರು ಇಳ್ಸ್ಬುಡಿ. ತೊಟ್ಟೂ ತಪ್ಪಂಗಿಲ್ಲ, ನಾನ್ ಯೋಳ್ಕೊಡ್ತೀನಿ.”

ಮೂರನೇ ದಿನ ಮಧ್ಯಾಹ್ನ ಹೋದ. ಊರಿಗೆ ತಂದರೆ ಕೇರಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಹೊರಲು ನಾಲ್ಕು ಜನ ಸಿಕ್ಕುವುದೇ ಕಷ್ಟವಾಯಿತು. ಅವನನ್ನು ಬೈಕಿನಲ್ಲಿ ಹತ್ತಿಸಿಕೊಂಡು ಹೋಗುತ್ತಿದ್ದವರು ನಾಲೆಯ ಆಚೆ ದಡದಲ್ಲಿ ನಿಂತು ಕೈ ಮುಗಿದರು. ಒಬ್ಬನಂತೂ ಕೂಗಿ ಕೇಳಿದ: “ಅವ್ನು ಹೋದ್ ತಿಂಗ್ಳು ನಮ್ ಎಮ್ಮೆಗೆ ಗೊಟ್ಟ ಆಕಿದ್ದ, ನಮ್ಗೇನಾರ ಆದದಾ?” ಚಿತೆಗೆ ಇನ್ನೂ ಬೆಂಕಿ ಇಟ್ಟಿರಲಿಲ್ಲ.

ಅವನ ಜೊಲ್ಲು ತಾಕಿದವರು ಒಂದು ದಿನವೂ ತಡಮಾಡದೆ ಸೂಜಿ ಹಾಕಿಸಿಕೊಳ್ಳಬೇಕು ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಮಾರನೆಯ ಬೆಳಿಗ್ಗೆಯೇ ಸವಿತಳನ್ನು ಕರೆದುಕೊಂಡು ಪಾಂಡವಪುರಕ್ಕೆ ಹೋದೆ. ಅದೇ ಬೆಂಚು. ಅದೇ ಸಿಸ್ಟರು. ಸವಿತಳ ಬರಿಗತ್ತು ಕಂಡು ಅವರಿಗೆ ಅರ್ಥವಾಯಿತು. ಆಮೇಲೆ ಕೆಲಸದ ಪ್ರಶ್ನೆ ಕೇಳಿದರು.

“ಕೈಲಿ ಗಾಯ, ಬಿರುಕು ಏನಾದ್ರೂ ಇದ್ಯಾ?”

“ಇಲ್ಲ” ಅಂದಳು ಸವಿತ, ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾ. ಅವಳಿಗೆ ಬದುಕುವುದೇ ಬೇಕಿರಲಿಲ್ಲ.

“ಐತೆ ಸಿಸ್ಟರ್” ಅಂದೆ ನಾನು. ಜೋರಾಗಿಯೇ ಅಂದೆ. “ಎರಡೂ ಕೈಲಿ ಐತೆ. ಬೆರಳ ಸಂದಿಯೆಲ್ಲ ಸೀಳೈತೆ, ಉಗುರ ಪಕ್ಕ ಕಿತ್ತೈತೆ. ಬರೀ ಕೈಲಿ ಅವ್ನ ಬಾಯಿ ಒರ್ಸವ್ಳೆ. ತೋರ್ಸು ಸವಿತ.”

ಅವಳು ಕೊಡಲಿಲ್ಲ. ನಾನು ಮಣಿಕಟ್ಟು ಹಿಡಿದೆಳೆದು ಮುಷ್ಟಿ ಬಿಡಿಸಿ ಸಿಸ್ಟರ ಮುಂದೆ ಇಟ್ಟೆ. ಒಂದೊಂದು ಬಿರುಕಿಗೂ ಮದ್ದು ತುಂಬಿದರು. ನಾನು ಕಿರುಚಿದ ಜಾಗದಲ್ಲಿ ಅವಳು ಸೆರಗು ಕಚ್ಚಿಕೊಂಡು ಕೂತಳು. ಮುಗಿದ ಮೇಲೆ ಅರ್ಧ ಗಂಟೆ ಹೊರಗೆ ಕೂತಿರಿ ಅಂದರು. ಬೆಂಚಿನಲ್ಲಿ ಕೂತೆವು. ಊದಿದ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ನನ್ನ ಕಡೆ ನೋಡದೆ ಅವಳು ಕೇಳಿದಳು.

“ಅವತ್ತು ಈ ಬಾಯಿ ಎಲ್ಗೋಗಿತ್ತಕ್ಕ?”

ಕೈ ನೋಡುತ್ತಲೇ ಅವಳು ಮುಂದುವರಿಸಿದಳು.

“ಮನೆಗ್ ಬಂದು ನಂಗೆ ತೋರ್ಸುದ್ರು. ಮೂರ್ ಗೀರು. ಅರಿಶ್ನ ಆಕ್ದೋಳು ನಾನೇ. ಇದ್ಕೂ ಸೂಜಿ ಆಕುಸ್ಕಬರ್ಬೇಕಿತ್ತು ಅಂದೆ. ‘ಅತ್ತಿಗೆ ಕಣ್ಣಾರೆ ನೋಡವ್ರೆ ಕಣೆ, ಸಿಸ್ಟರು ಕೇಳುದ್ರೂ ಸುಮ್ಕಿದ್ರು. ಆಪತ್ತು ಅಂತಿದ್ದಿದ್ರೆ ಅತ್ತಿಗೆ ಸುಮ್ಕಿರ್ತಿದ್ರಾ’ ಅಂದ್ರು. ನಂಗೂ ಸರಿ ಅನ್ನುಸ್ತು. ನೀವ್ ಸುಮ್ಕಿರೋರಲ್ವಲ್ಲ ಅಂತ ನಾನೂ ಸುಮ್ಕಾದೆ.”

ಅವನ ಮಾನ ಉಳಿಸಿದೆ ಅಂದುಕೊಂಡಿದ್ದೆ. ಅವನು ನನ್ನ ಸುಳ್ಳನ್ನು ಡಾಕ್ಟರ ಮಾತೆಂದು ಹಿಡಿದು, ಮನೆಗೆ ಹೊತ್ತುಕೊಂಡು ಹೋಗಿ, ಹೆಂಡತಿಯನ್ನೂ ಒಪ್ಪಿಸಿದ್ದ. ಬಸ್ಸಿನಲ್ಲಿ ಅವಳು ಹೋಗಿ ಮುಂದಿನ ಸೀಟಿನಲ್ಲಿ ಕೂತಳು.

ಮೂರನೇ ದಿನದ ಸೂಜಿಗೆ ಬೆಳಿಗ್ಗೆ ಹೋಗಿ ಅವಳ ಬಾಗಿಲು ತಟ್ಟಿದೆ. ತೆಗೆಯಲಿಲ್ಲ. ತಟ್ಟುತ್ತಲೇ ಇದ್ದೆ. ಒಂದು ಬಸ್ಸು ಹೋಯಿತು. ಎರಡನೇ ಬಸ್ಸಿನ ಹೊತ್ತಿಗೆ ಬಾಗಿಲು ತೆಗೆದು ಹೊರಗೆ ಬಂದು, ಕೇರಿಯೆಲ್ಲ ಕೇಳುವಂತೆ, ಬಾಯಿಗೆ ಬಂದದ್ದೆಲ್ಲ ಬೈದಳು. ಬೈಯುತ್ತಲೇ ಬಸ್ಸು ಹತ್ತಿದಳು. ಏಳನೇ ದಿನ ಎಮ್ಮೆ ಇರಲಿ, ಹಸು ಇರಲಿ, ಯಾವ ಫೋನೂ ಇರಲಿ ಅಂತ ನಾನು ಬೆಳಕು ಹರಿಯುವಾಗಲೇ ಅವಳ ಹೊಸಿಲ ಮೇಲೆ ಕೂತೆ. ಆವತ್ತೂ ಬೈದಳು. ಇಪ್ಪತ್ತೆಂಟನೇ ದಿನ ಬೈಯಲೂ ಇಲ್ಲ, ನನ್ನನ್ನು ದಾಟಿಕೊಂಡು ಮುಂದೆ ನಡೆದಳು, ನಾನು ಹತ್ತು ಮಾರು ಹಿಂದೆ ನಡೆದೆ.

ಈಗ ಅವಳು ನನ್ನ ಜೊತೆ ಮಾತಾಡುವುದಿಲ್ಲ. ಗೋಡೆಯಾಚೆ ಒಗ್ಗರಣೆಯ ಸದ್ದು ಕೇಳುತ್ತದೆ, ಅಷ್ಟೆ. ನಾಲ್ಕು ಸೂಜಿಯೂ ಆಗಿದೆ.